ಮೊದಲು ಹಾಸ್ಟೆಲ್ ಹುಡುಕು, ಆಮೇಲೆ ಕಾಲೇಜು

ನಿನ್ನ ಪಿಯುಸಿ ಫಲಿತಾಂಶ ಬಂದ ಸಂಜೆ ನಿಮ್ಮಪ್ಪ ಫೋನ್ ಮಾಡಿ ಕೇಳಿದ್ದು ಎರಡೇ ಮಾತು. "ಅಣ್ಣಾ, ಬೆಂಗಳೂರಲ್ಲಿ ಇವಳಿಗೆ ಸೀಟು ಸಿಗುತ್ತಾ? ಫೀಸು ಎಷ್ಟಾಗುತ್ತೆ?" ಶಿರಾ ಸೀಮೆಯ ಶೇಂಗಾ ಹೊಲ ನಂಬಿಕೊಂಡವನು ಬೇರೇನು ಕೇಳಿಯಾನು. ಸರ್ಕಾರಿ ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಕಿಟಕಿಯ ಹಿಂದೆ ಕೂತೇ ನನ್ನ ಸರ್ವೀಸು ಕಳೆದದ್ದು. ಆ ಕಿಟಕಿಗೆ ಬಂದ ಅಪ್ಪಂದಿರೆಲ್ಲರೂ ಕೇಳುತ್ತಿದ್ದದ್ದು ಈ ಎರಡನ್ನೇ. ಸೀಟು ಸಿಗುತ್ತದೆ. ಫೀಸೂ ನಿಮ್ಮಪ್ಪ ಹೆದರಿದಷ್ಟಿಲ್ಲ. ಯಾರೂ ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೊಂದಿದೆ: ಹುಡುಗಿ ಎಲ್ಲಿ ಉಳಿದುಕೊಳ್ಳುತ್ತಾಳೆ, ಎಲ್ಲಿ ಉಣ್ಣುತ್ತಾಳೆ? ಕಾಲೇಜು ಸೇರಿ ಎರಡನೇ ಸೆಮಿಸ್ಟರ್‌ಗೆ ಟಿ.ಸಿ. ಕೇಳಿಕೊಂಡು ಬಂದ ಮಕ್ಕಳಲ್ಲಿ ಪಾಠ ಹತ್ತದೆ ಬಿಟ್ಟವರು ಕಡಿಮೆ. ಬಾಡಿಗೆ ಕಟ್ಟಲಾಗದೆ ಊರಿಗೆ ಹೊರಟವರೇ ಹೆಚ್ಚು. ಅದಕ್ಕೇ ಈ ಉದ್ದನೆಯ ಪತ್ರ. ಅಪ್ಪನಿಗೂ ಓದಿ ಹೇಳು.

ಮೊದಲು ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯ ಅಂದರೆ ಯಾವುದು ಎನ್ನುವುದು ತಿಳಿದಿರಲಿ, ಏಕೆಂದರೆ ಅದು ಈಗ ಒಂದಲ್ಲ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದ ಮೇಲೆ ಬೆಂಗಳೂರಿನ ಕಾಲೇಜುಗಳು ಅದರ ಕೆಳಗಿದ್ದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. ಮುಂದೆ ಮೈಸೂರು ರಸ್ತೆಯ ಜ್ಞಾನಭಾರತಿಯಲ್ಲಿ ಸಾವಿರ ಎಕರೆ ಮೀರಿದ ಆವರಣ ಕಟ್ಟಿಕೊಂಡಿತು. ಕಾಲೇಜುಗಳು ಬೆಳೆದೂ ಬೆಳೆದೂ ಒಂದು ಆಡಳಿತಕ್ಕೆ ನಿಭಾಯಿಸಲಾಗದಷ್ಟಾದಾಗ 2017ರಲ್ಲಿ ಅದನ್ನು ಮೂರು ಪಾಲು ಮಾಡಿದರು. ಜ್ಞಾನಭಾರತಿಯದು ಹಳೆಯ ಹೆಸರಿನಲ್ಲೇ ಉಳಿಯಿತು. ಕೋಲಾರದ ಕಡೆಯದು ಬೆಂಗಳೂರು ಉತ್ತರವಾಯಿತು. ನಡುಪೇಟೆಯದು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯ ಎಂದು ಹುಟ್ಟಿ, ಆಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಡಾ. ಮನಮೋಹನ್ ಸಿಂಗ್ ಅವರ ಹೆಸರಿಡುವುದಾಗಿ 2025ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು. ಇವುಗಳ ಜೊತೆಗೆ ಮಹಾರಾಣಿ ಕ್ಲಸ್ಟರ್ ಇದೆ. ಹಳೆಯ ಸರ್ಕಾರಿ ವಿಜ್ಞಾನ ಕಾಲೇಜೇ ಬೆಳೆದು ಆದ ನೃಪತುಂಗ ವಿಶ್ವವಿದ್ಯಾಲಯವೂ ಇದೆ. ನೀನು ಸೇರುವ ಕಾಲೇಜು ಯಾವುದರ ವ್ಯಾಪ್ತಿಯಲ್ಲಿದೆಯೋ ಅದರ ಹೆಸರಿನ ಪದವಿ ನಿನ್ನ ಕೈಗೆ ಬರುತ್ತದೆ. ಯಾವುದೂ ಇನ್ನೊಂದಕ್ಕಿಂತ ಕಮ್ಮಿಯಲ್ಲ, ಹೆಸರಿನ ಗೊಡವೆಗೆ ಹೋಗಬೇಡ.

ಆದರೆ 'ಯೂನಿವರ್ಸಿಟಿ' ಎಂದು ಬೋರ್ಡು ಹಾಕಿಕೊಂಡದ್ದೆಲ್ಲ ಸರ್ಕಾರದ್ದಲ್ಲ. ಊರ ಹೊರಗಿನ ರಸ್ತೆಗಳಲ್ಲಿ ಗಾಜಿನ ಕಟ್ಟಡ ಕಟ್ಟಿ ಕೂತಿರುವ ಖಾಸಗಿ ವಿಶ್ವವಿದ್ಯಾಲಯಗಳು ಬೇರೆ, ಡೀಮ್ಡ್ ಎನಿಸಿಕೊಂಡವು ಬೇರೆ. ಅವೂ ಕಾನೂನುಬದ್ಧವೇ, ಫೀಸು ಮಾತ್ರ ನಮ್ಮ ಅಳತೆಯದಲ್ಲ. ಇನ್ನು ಶುದ್ಧ ನಕಲಿಗಳೂ ಇವೆ. ಅಂಥವುಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಕೊಟ್ಟು "ಸೀಟು ಕೊಡಿಸುತ್ತೇವೆ" ಎನ್ನುವವರನ್ನು ಮಾತಾಡಿಸಲೂ ಬೇಡ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಸೀಟಿಗೆ ದಲ್ಲಾಳಿಯ ಅಗತ್ಯವೇ ಇಲ್ಲ.

ಸೀಟಿನ ಮಾತು ಬೇಗ ಮುಗಿಸುತ್ತೇನೆ, ಅಲ್ಲಿ ಹೇಳುವುದು ಹೆಚ್ಚಿಲ್ಲ. ಎರಡನೇ ಪಿಯುಸಿ ಪಾಸಾಗಿರಬೇಕು, ಅಥವಾ ಅದಕ್ಕೆ ಸಮನಾದ ಸಿಬಿಎಸ್‌ಇ, ಐಎಸ್‌ಸಿ ಇಂಥ ಪರೀಕ್ಷೆ ಆಗಿರಬೇಕು. ಬಿ.ಎ.ಗೆ ಯಾವ ವಿಭಾಗದಲ್ಲಿ ಓದಿದ್ದರೂ ನಡೆಯುತ್ತದೆ. ಬಿ.ಎಸ್‌ಸಿ.ಗೆ ನೀನು ಆರಿಸುವ ವಿಷಯವನ್ನು ಪಿಯುಸಿಯಲ್ಲಿ ಓದಿರಬೇಕು. ಬಿಸಿಎಗೆ ಗಣಿತವೋ ಕಂಪ್ಯೂಟರ್ ವಿಜ್ಞಾನವೋ ಇರಬೇಕೆಂದು ಕೇಳುವ ಕಾಲೇಜುಗಳಿವೆ, ಅರ್ಜಿ ಹಾಕುವ ಮುಂಚೆಯೇ ವಿಚಾರಿಸಬೇಕು. ದೆಹಲಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು ಕೇಳುವ ಸಿಯುಇಟಿ ಪರೀಕ್ಷೆ ನಮ್ಮ ರಾಜ್ಯದ ಈ ಪದವಿಗಳಿಗೆ ಬೇಕಿಲ್ಲ. ಪಿಯುಸಿ ಅಂಕ ಮತ್ತು ಮೀಸಲಾತಿಯ ಪ್ರಕಾರ ಪಟ್ಟಿ ಮಾಡುತ್ತಾರೆ. ಅಂಕ ಸಾಲದೆನಿಸಿದರೆ ದಾರಿ ಮುಚ್ಚಿಲ್ಲ: 2024ರಿಂದ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇದೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆದರೆ ಕೊನೆಯದರ ಫಲಿತಾಂಶಕ್ಕೆ ಕಾಯುತ್ತ ಕೂತರೆ ಒಳ್ಳೆಯ ಸರ್ಕಾರಿ ಕಾಲೇಜುಗಳ ಸೀಟು ತುಂಬಿರುತ್ತವೆ. ಇರುವ ಅಂಕದಲ್ಲಿ ಒಂದು ಕಡೆ ಅರ್ಜಿ ಹಾಕಿಟ್ಟೇ ಮುಂದಿನ ಪರೀಕ್ಷೆ ಬರೆ.

ಅರ್ಜಿ ಎಲ್ಲವೂ ಈಗ ಯುಯುಸಿಎಂಎಸ್ ಎಂಬ ಸರ್ಕಾರಿ ಜಾಲತಾಣದ ಮೂಲಕ. 2021ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಅಂಕಪಟ್ಟಿ ಎಲ್ಲ ಅದರೊಳಗೇ ನಡೆಯುತ್ತಿದೆ. ಅದನ್ನು ತುಂಬುವಾಗ ಸೈಬರ್ ಸೆಂಟರಿನ ಹುಡುಗನ ಮೊಬೈಲ್ ನಂಬರ್ ಕೊಡಬೇಡ. ನಿನ್ನದೇ ನಂಬರು, ನಿನ್ನದೇ ಇಮೇಲು ಕೊಡು, ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು. ಮೂರು ವರ್ಷ ಆ ಖಾತೆಯೇ ನಿನ್ನ ಗುರುತು. ಪರೀಕ್ಷೆ ಹತ್ತಿರ ಬಂದಾಗ ಒಟಿಪಿ ಯಾರದೋ ಫೋನಿಗೆ ಹೋಗುತ್ತಿದೆ ಎಂದು ಅಳುತ್ತ ಕಿಟಕಿಗೆ ಬರುವವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಮೂರು ವರ್ಷ ಎಂದೆನಲ್ಲ, ಅದರಲ್ಲಿ ನಿಮ್ಮಪ್ಪನಿಗೆ ಗೊಂದಲವಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ತಂದಿದ್ದರು. ಸುಖದೇವ್ ಥೋರಟ್ ಅವರ ಆಯೋಗ ಮಧ್ಯಂತರ ವರದಿ ಕೊಟ್ಟ ಮೇಲೆ 2024-25ರಿಂದ ಕರ್ನಾಟಕ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಬಡವರ ಮನೆಗೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ನಾಲ್ಕನೆಯ ವರ್ಷದ ಬಾಡಿಗೆಯನ್ನು ಯಾವ ನೀತಿಯೂ ಕಟ್ಟಿಕೊಡುತ್ತಿರಲಿಲ್ಲ.

ಐಚ್ಛಿಕ ವಿಷಯಗಳನ್ನು ಮಾತ್ರ ಗೆಳತಿಯ ಜೊತೆ ಕೂರಬೇಕೆಂಬ ಆಸೆಗೆ ಆರಿಸಬೇಡ. ಮುಂದೆ ಎಂ.ಎ. ಅಥವಾ ಎಂ.ಎಸ್‌ಸಿ.ಗೆ ಹೋಗುವಾಗ ಆ ವಿಷಯವನ್ನು ಪದವಿಯಲ್ಲಿ ಓದಿದ್ದೀಯಾ ಎಂದು ಕೇಳುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಶೇಕಡ 50, ಪರಿಶಿಷ್ಟರಿಗೂ ಪ್ರವರ್ಗ-1ಕ್ಕೂ ಶೇಕಡ 45 ಅಂಕ ಇರಬೇಕು. ನೀನು ಮೇಷ್ಟ್ರಾಗಬೇಕು ಅನ್ನುತ್ತಿದ್ದೆಯಲ್ಲ, ಬಿ.ಎಡ್.ಗೂ ಶಾಲೆಯಲ್ಲಿ ಕಲಿಸುವ ವಿಷಯಗಳೇ ಪದವಿಯಲ್ಲಿರಬೇಕು. ಕನ್ನಡ, ಇತಿಹಾಸ, ಅರ್ಥಶಾಸ್ತ್ರದಂಥವನ್ನು ಆ ಕಣ್ಣಿನಿಂದ ನೋಡಿ ಆರಿಸು.

ಈಗ ದುಡ್ಡಿನ ವಿಚಾರ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಫೀಸು ವರ್ಷಕ್ಕೆ ಹತ್ತು ಸಾವಿರದ ಒಳಗೇ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದಲ್ಲಿ ವಿನಾಯಿತಿ ಇರುವುದರಿಂದ ನಿನಗೆ ಇನ್ನೂ ಕಡಿಮೆ. ರಸೀದಿಯಲ್ಲಿ ಗ್ರಂಥಾಲಯ, ಕ್ರೀಡೆ, ವಿದ್ಯಾರ್ಥಿ ಕ್ಷೇಮ ನಿಧಿ, ವಿಶ್ವವಿದ್ಯಾಲಯದ ನೋಂದಣಿ ಎಂದು ಸಣ್ಣಸಣ್ಣ ಬಾಬತ್ತುಗಳಿರುತ್ತವೆ. ಅವೆಲ್ಲ ಕಾನೂನಿನವೇ, ಜಗಳಕ್ಕೆ ಹೋಗಬೇಡ. ಇದರ ಮೇಲೆ ಸೆಮಿಸ್ಟರಿಗೊಮ್ಮೆ ಪರೀಕ್ಷಾ ಶುಲ್ಕ. ಪ್ರವೇಶದ ದಿನ ಯಾರೂ ಅದರ ಮಾತೆತ್ತುವುದಿಲ್ಲ, ವರ್ಷಕ್ಕೆ ಎರಡು ಸಲ ಬರುತ್ತದೆ ಎಂದು ಅಪ್ಪನಿಗೆ ಮೊದಲೇ ಹೇಳಿಡು. ಕೊನೆಯ ದಿನ ದಾಟಿದರೆ ದಂಡ ಬೇರೆ.

ಅನುದಾನಿತ ಕಾಲೇಜುಗಳಲ್ಲಿ ಒಂದು ಒಳಗುಟ್ಟಿದೆ. ಹೊರಗೆ ಒಂದೇ ಬೋರ್ಡು, ಒಳಗೆ ಎರಡು ಲೆಕ್ಕ. ಸರ್ಕಾರ ಸಂಬಳ ಕೊಡುವ ಹಳೆಯ ಸೆಕ್ಷನ್ ಒಂದು, ಆಡಳಿತ ಮಂಡಳಿಯೇ ನಡೆಸುವ ಅನುದಾನರಹಿತ ಸೆಕ್ಷನ್ ಇನ್ನೊಂದು. ಅದೇ ಬಿ.ಕಾಂ., ಅದೇ ಪಠ್ಯ, ಎಷ್ಟೋ ಸಲ ಅದೇ ಮೇಷ್ಟ್ರು. ಫೀಸು ಮಾತ್ರ ಹಲವು ಪಟ್ಟು. ಕಿಟಕಿಯಲ್ಲಿ "ಫೀಸೆಷ್ಟು" ಎಂದು ಕೇಳುವ ಮೊದಲು "ಇದು ಅನುದಾನಿತ ಸೆಕ್ಷನ್ನಾ?" ಎಂದು ಕೇಳು. ಆ ಪ್ರಶ್ನೆ ಕೇಳಿದ ಕೂಡಲೇ ಗುಮಾಸ್ತ ನಿನ್ನ ಮುಖ ನೋಡುತ್ತಾನೆ, ಈ ಹುಡುಗಿಗೆ ಹೇಳಿಕೊಟ್ಟವರು ಇದ್ದಾರೆ ಎಂದು. ಹೆಸರಾಂತ ಖಾಸಗಿ ಸ್ವಾಯತ್ತ ಕಾಲೇಜುಗಳಲ್ಲಿ ಬಿಬಿಎ, ಬಿಸಿಎ, ಬಿ.ಕಾಂ.ಗೆ ವರ್ಷಕ್ಕೆ ಲಕ್ಷ ದಾಟುವುದುಂಟು. ಅಲ್ಲಿಯೂ ಕೊನೆಗೆ ಪದವಿ ಕೊಡುವುದು ಹೆಚ್ಚಾಗಿ ಇದೇ ಸರ್ಕಾರಿ ವಿಶ್ವವಿದ್ಯಾಲಯವೇ. ಕ್ಯಾಂಪಸ್ಸಿಗೆ ಕಂಪನಿಗಳು ಬರುತ್ತವೆ ಎಂಬ ಕಾರಣಕ್ಕೆ ಉಳ್ಳವರು ಕೊಡುತ್ತಾರೆ, ಕೊಡಲಿ. ಬಿ.ಎ. ಓದುವುದಕ್ಕೆ ಜಮೀನಿನ ಪಹಣಿ ಅಡವಿಟ್ಟು ಸಾಲ ತೆಗೆಯುವುದು ಬೇಡ ಎಂದು ನಿಮ್ಮಪ್ಪನಿಗೆ ನಾನು ಹೇಳಿದ್ದೇನೆ, ನೀನೂ ಹೇಳು.

ಒಂದು ಕಡೆ ಫೀಸು ಕಟ್ಟಿ ಆಮೇಲೆ ಇನ್ನೊಂದು ಕಡೆ ಸೀಟು ಸಿಕ್ಕರೆ ಕಟ್ಟಿದ್ದು ಹೋಯಿತು ಎಂದುಕೊಳ್ಳಬೇಡ. ಯುಜಿಸಿ 2018ರಲ್ಲಿ ಮಾಡಿದ ನಿಯಮದಂತೆ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಸಣ್ಣ ಕಡಿತದೊಂದಿಗೆ ಪೂರ್ತಿ ಶುಲ್ಕ ವಾಪಸ್ಸು. ಹದಿನೈದು ದಿನದೊಳಗಾದರೆ ಶೇಕಡ 90, ಕೊನೆಯ ದಿನ ಕಳೆದು ಹದಿನೈದು ದಿನದವರೆಗೆ 80, ತಿಂಗಳವರೆಗೆ 50. ಅದರ ಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ ಎಂಬುದೂ ಅದೇ ನಿಯಮದಲ್ಲಿದೆ. ನೋಡಿ ಹೋಲಿಸಿಕೊಂಡು ಕೈಗೆ ವಾಪಸ್ಸು ಕೊಡಬೇಕು. ಟಿ.ಸಿ. ಒಂದು ಮಾತ್ರ ಅಲ್ಲಿ ಉಳಿಯುತ್ತದೆ, ಅದಕ್ಕೆ ಕೊಡುವ ಮುಂಚೆಯೇ ನಾಲ್ಕೈದು ಜೆರಾಕ್ಸ್ ತೆಗೆದಿಟ್ಟುಕೋ.

ಹೀಗೆ ಫೀಸು ಹತ್ತು ಸಾವಿರದೊಳಗೆ. ಈಗ ಇನ್ನೊಂದು ಲೆಕ್ಕ ಹಾಕೋಣ. ನಗರದ ಒಳಗೆ ಪಿ.ಜಿ.ಯಲ್ಲಿ ಮೂವರು ಹಂಚಿಕೊಳ್ಳುವ ಕೋಣೆಗೂ ಊಟ ಸೇರಿ ತಿಂಗಳಿಗೆ ಏಳೆಂಟು ಸಾವಿರ ಕೇಳುತ್ತಾರೆ. ಎಂಟು ಸಾವಿರದಂತೆ ಹತ್ತು ತಿಂಗಳಿಗೆ ಎಂಬತ್ತು ಸಾವಿರ. ಮುಂಗಡ ಬೇರೆ, ಬಿಡುವಾಗ ಅದರಲ್ಲಿ 'ಮೇಂಟೆನೆನ್ಸ್' ಎಂದು ಒಂದಷ್ಟು ಹಿಡಿದುಕೊಳ್ಳುತ್ತಾರೆ. ಒಂದು ವರ್ಷ ಬೆಂಗಳೂರಿನಲ್ಲಿ ತಲೆಯ ಮೇಲೊಂದು ಸೂರು ಇಟ್ಟುಕೊಳ್ಳುವ ದುಡ್ಡಿನಲ್ಲಿ ಮೂರು ವರ್ಷದ ಫೀಸನ್ನು ಎರಡೆರಡು ಸಲ ಕಟ್ಟಬಹುದು. ಹಾಗಿರುವಾಗ ಎಲ್ಲರೂ ಫೀಸು ಎಲ್ಲಿ ಕಮ್ಮಿ ಎಂದು ಕಾಲೇಜಿಂದ ಕಾಲೇಜಿಗೆ ಅಲೆಯುತ್ತಾರೆ, ಪಿ.ಜಿ.ಯನ್ನು ಮಾತ್ರ ಅರ್ಧ ಗಂಟೆಯಲ್ಲಿ ಗೊತ್ತು ಮಾಡಿ ಸಂಜೆಯ ಬಸ್ಸಿಗೆ ಊರಿಗೆ ಹೊರಡುತ್ತಾರೆ.

ಆದ್ದರಿಂದ ನನ್ನ ಮಾತು ತಲೆಕೆಳಗಾಗಿ ಕೇಳಿಸಿದರೂ ಅದನ್ನೇ ಹೇಳುತ್ತೇನೆ. ಸರ್ಕಾರಿ ಹಾಸ್ಟೆಲ್ ಎಲ್ಲಿ ಸಿಗಬಹುದು ಎಂದು ಮೊದಲು ನೋಡು. ಅದಕ್ಕೆ ಹತ್ತಿರದ ಸರ್ಕಾರಿ ಕಾಲೇಜನ್ನು ಆಮೇಲೆ ಆರಿಸು. ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳನ್ನು ಈಗಲೂ ಎಲ್ಲರೂ ಬಿಸಿಎಂ ಹಾಸ್ಟೆಲ್ ಅನ್ನುತ್ತಾರೆ. ಸಮಾಜ ಕಲ್ಯಾಣ ಇಲಾಖೆಯವು, ಪರಿಶಿಷ್ಟ ಪಂಗಡದವು, ಅಲ್ಪಸಂಖ್ಯಾತರವು ಬೇರೆ ಬೇರೆ ಇವೆ. ಊಟ, ವಸತಿ ಎರಡೂ ಉಚಿತ. ಸೀಟಿಗಿಂತ ಅರ್ಜಿ ಜಾಸ್ತಿ ಇರುತ್ತವೆ ಎಂಬುದು ನಿಜ; ಆದರೆ ಕಾಲೇಜು ಸೇರಿ ತಿಂಗಳಾದ ಮೇಲೆ ನಿಧಾನವಾಗಿ ಅರ್ಜಿ ಹಾಕಿ ಸಿಗಲಿಲ್ಲ ಅನ್ನುವವರೇ ಬಹಳ. ಅರ್ಜಿ ಆನ್‌ಲೈನ್‌ನಲ್ಲಿ ತೆರೆದ ವಾರವೇ ನಿನ್ನದು ಹೋಗಿರಬೇಕು.

ಸರ್ಕಾರದ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ 'ವಿದ್ಯಾಸಿರಿ' ಇದೆ. ಶುರುವಾದಾಗ ಗೊತ್ತು ಮಾಡಿದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಮೇಲಿನ ಎಂಬತ್ತು ಸಾವಿರದ ಮುಂದೆ ಅದು ಎಷ್ಟರದು ಎಂದು ನೀನೇ ನೋಡು. ಬೇಡ ಅನ್ನುವುದಿಲ್ಲ, ಆದರೆ ಹಾಸ್ಟೆಲ್ ಸೀಟಿಗೆ ಅದು ಸಮನಲ್ಲ.

ಇನ್ನೊಂದು ಹಳೆಯ ದಾರಿಯಿದೆ. ನಮ್ಮ ತಾತನ ಕಾಲದಲ್ಲಿ ಓದಲು ಪೇಟೆಗೆ ಬಂದ ಹುಡುಗರು ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದರು. ಆ ಹಸಿವನ್ನು ನೋಡಿಯೇ ಮಠಗಳೂ ಸಮುದಾಯದ ಸಂಘಗಳೂ ಬೆಂಗಳೂರು, ಮೈಸೂರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಗುಬ್ಬಿ ತೋಟದಪ್ಪನವರ ಹೆಸರಿನ ಛತ್ರ, ಹಾಸ್ಟೆಲ್ಲುಗಳ ಪುಣ್ಯ ಉಂಡವರು ನಮ್ಮ ತುಮಕೂರು ಸೀಮೆಯಲ್ಲಿ ಮನೆಗೊಬ್ಬರಿದ್ದಾರೆ. ಹೀಗೆ ನಡೆಯುವ ಹಾಸ್ಟೆಲ್ಲುಗಳು ಇವತ್ತಿಗೂ ಪಿ.ಜಿ.ಗಿಂತ ಎಷ್ಟೋ ಅಗ್ಗ. ಜಾಹೀರಾತು ಕೊಡುವುದಿಲ್ಲ, ಹೋಗಿ ಕೇಳಬೇಕು. ಊರಿನಲ್ಲಿ ಯಾರಾದರೂ ಅಲ್ಲಿದ್ದು ಓದಿದವರಿದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಲಿ ನಿಮ್ಮಪ್ಪ.

ಪಿ.ಜಿ.ಯೇ ಗತಿ ಎಂದಾದರೆ ಹಗಲು ಹೊತ್ತು ಹೋಗಿ ಗೋಡೆಯ ಬಣ್ಣ ನೋಡಿ ಬರಬೇಡ. ರಾತ್ರಿ ಎಂಟಕ್ಕೆ ಹೋಗು, ಊಟ ಬಡಿಸುವ ಹೊತ್ತಿಗೆ. ಅಲ್ಲಿರುವ ಹುಡುಗಿಯರನ್ನು ಓನರ್ ಎದುರಿಗಲ್ಲ, ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳು: ನೀರು ಬೇಸಗೆಯಲ್ಲಿ ಬರುತ್ತದಾ, ಮುಂಗಡ ವಾಪಸ್ಸು ಕೊಟ್ಟಿದ್ದಾರಾ, ರಜೆಗೆ ಊರಿಗೆ ಹೋದ ತಿಂಗಳೂ ಪೂರ್ತಿ ಬಾಡಿಗೆ ಹಿಡಿಯುತ್ತಾರಾ. ಮುಂಗಡಕ್ಕೆ ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಓಡಾಟಕ್ಕೆ ನಿನಗೆ ಖರ್ಚಿಲ್ಲ ಎಂದೇ ಇಟ್ಟುಕೋ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಶಿರಾದಿಂದ ಬೆಂಗಳೂರಿಗೆ ಬರುವುದಕ್ಕೂ, ನಗರದೊಳಗೆ ಬಿಎಂಟಿಸಿಗೂ ಇದೇ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕಷ್ಟೆ. ಎಸಿ ಬಸ್ಸಿಗೆ ಇದಿಲ್ಲ. ನಿನ್ನ ತಮ್ಮ ಮುಂದೆ ಬಂದರೆ ಅವನು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಮೆಟ್ರೊ ಆರಾಮ ಹೌದು, ಆದರೆ 2025ರ ಫೆಬ್ರುವರಿಯಲ್ಲಿ ದರ ಏರಿಸಿದ ಮೇಲೆ ಒಂದು ಕಡೆಯ ಗರಿಷ್ಠ ದರವೇ 90 ರೂಪಾಯಿಗೆ ಬಂದು ನಿಂತಿತು. ದೂರದಲ್ಲಿ ಬಾಡಿಗೆ ಕಮ್ಮಿ ಎಂದು ಊರಾಚೆ ಕೋಣೆ ಹಿಡಿದು ದಿನಾ ಮೆಟ್ರೊ ಹತ್ತಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಸರಿಹೋಗುತ್ತದೆ. ಮಧ್ಯಾಹ್ನ ಕಾಲೇಜಿನ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಸಂಕೋಚ ಬೇಡ. 2017ರಲ್ಲಿ ಶುರುವಾದಾಗಿನ ಬೆಲೆ ತಿಂಡಿಗೆ ಐದು, ಊಟಕ್ಕೆ ಹತ್ತು.

ಇನ್ನು ಕಾಗದಪತ್ರ. ಇಲ್ಲಿ ನಿಧಾನವಾಗಿ ಓದು.

ಸರ್ಕಾರ ಕೊಡುವ ವಿದ್ಯಾರ್ಥಿವೇತನಗಳಿಗೆಲ್ಲ ಎಸ್‌ಎಸ್‌ಪಿ ಎಂಬ ಒಂದೇ ತಾಣವಿದೆ. ಅದರಲ್ಲಿ ನಿನ್ನ ಆಧಾರ್, ಎಸ್ಸೆಸ್ಸೆಲ್ಸಿ ದಾಖಲೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥಲ್ಲಿಯೇ. ಅಂಕಪಟ್ಟಿಯಲ್ಲಿ 'ಲಕ್ಷ್ಮೀದೇವಿ', ಆಧಾರಿನಲ್ಲಿ 'ಲಕ್ಷ್ಮೀದೇವಮ್ಮ', ಆದಾಯ ಪತ್ರದಲ್ಲಿ ಇನಿಷಿಯಲ್ ಹಿಂದೆ ಮುಂದೆ. ಇಷ್ಟಕ್ಕೆ ಅರ್ಜಿ ನಿಂತುಬಿಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರೇ ಮೂಲ ಎಂದು ತಿಳಿದು ಉಳಿದದ್ದನ್ನು ಅದಕ್ಕೆ ಸರಿಮಾಡಿಸು. ಅಂಕಪಟ್ಟಿ ತಿದ್ದಿಸುವುದು ವರ್ಷಗಟ್ಟಲೆ ಕೆಲಸ, ಆಧಾರ್ ತಿದ್ದಿಸುವುದು ಅಷ್ಟು ಕಷ್ಟವಲ್ಲ.

ನಾಡಕಚೇರಿಯಲ್ಲಿ ಕೊಡುವ ಆದಾಯ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ನಿನ್ನದು ಹೈಸ್ಕೂಲಿನಲ್ಲಿ ಮಾಡಿಸಿದ್ದು, ಅದರ ಅವಧಿ ಪದವಿಯ ನಡುವೆ ಮುಗಿಯುತ್ತದೆ. ಈಗಲೇ ಹೊಸದು ಮಾಡಿಸಿದರೆ ಮೂರು ವರ್ಷ ಯೋಚನೆಯಿಲ್ಲ. ಆಮೇಲೆ ಬ್ಯಾಂಕು. ದುಡ್ಡು ಬರುವುದು ನೀನು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಪ್ರಾಥಮಿಕ ಶಾಲೆಯಲ್ಲಿ ತೆರೆಸಿದ ಜೀರೋ ಬ್ಯಾಲೆನ್ಸ್ ಖಾತೆ ಇದ್ದು, ಅದು ಈಗ ನಿಂತುಹೋಗಿದ್ದರೆ ಸ್ಕಾಲರ್‌ಶಿಪ್ ಅಲ್ಲಿಗೆ ಹೋಗಿ ವಾಪಸ್ಸಾಗುತ್ತದೆ. ಬ್ಯಾಂಕಿಗೆ ಹೋಗಿ "ನನ್ನ ಆಧಾರ್ ಯಾವ ಖಾತೆಗೆ ಎನ್‌ಪಿಸಿಐ ಆಗಿದೆ" ಎಂದು ಕೇಳು, ಹೀಗೆಯೇ ಕೇಳು, ಅವರಿಗೆ ಅರ್ಥವಾಗುತ್ತದೆ.

ರೈತರ ಮಕ್ಕಳಿಗೆಂದು 2021ರಲ್ಲಿ ತಂದ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಕಾಂ. ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 5,500 ರೂಪಾಯಿ ಎಂದು ಗೊತ್ತು ಮಾಡಿದ್ದರು. ಅದಕ್ಕೆ ನಿಮ್ಮಪ್ಪನ ಹೆಸರಿನಲ್ಲಿ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಬೆಳೆ ಪರಿಹಾರಕ್ಕೆಂದು ಅವನು ಮಾಡಿಸಿಯೇ ಇರುತ್ತಾನೆ, ಕೇಳಿ ಬರೆದಿಟ್ಟುಕೋ. ಇದಕ್ಕಿಂತ ದೊಡ್ಡದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಹತ್ತನೆಯದನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲೇ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ, ಪದವಿ ಮುಗಿಯುವವರೆಗೆ. 2025ರಿಂದ ಕರ್ನಾಟಕದಲ್ಲೂ ಇದೆ. ನೀನು ಎರಡೂ ಕಡೆ ಸರ್ಕಾರಿಯಲ್ಲೇ ಓದಿದವಳು. ಊರ ಸರ್ಕಾರಿ ಕಾಲೇಜು ಎಂದು ಅಂದು ಮುಖ ಸಿಂಡರಿಸಿದ್ದೆಯಲ್ಲ, ಅದೇ ಈಗ ನಿನ್ನ ಕೈ ಹಿಡಿಯುವುದು.

ಆದರೆ ಒಂದು ಮಾತು. ಈ ದುಡ್ಡು ಯಾವುದೂ ಜೂನ್ ತಿಂಗಳಲ್ಲಿ ಬರುವುದಿಲ್ಲ. ಮೊದಲ ವರ್ಷ ಅರ್ಧ ಕಳೆದ ಮೇಲೆ, ಕೆಲವು ಸಲ ಅದಕ್ಕೂ ತಡವಾಗಿ ಬರುತ್ತದೆ. ಮೊದಲ ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಸ್ಕಾಲರ್‌ಶಿಪ್ ನಂಬಿ ಪಿ.ಜಿ. ಬಾಡಿಗೆ ಒಪ್ಪಿಕೊಂಡರೆ ದಸರೆಯ ಹೊತ್ತಿಗೆ ಸಾಲಗಾರಳಾಗುತ್ತೀಯ.

ಇನ್ನೆರಡು ಕಾಗದ ಊರು ಬಿಡುವ ಮುಂಚೆ ಮಾಡಿಸಬೇಕು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ. ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಬಿಇಒ ಮೇಲುಸಹಿ. ಬಿ.ಎ. ಪ್ರವೇಶಕ್ಕೆ ಇವು ಬೇಕಾಗದೆ ಹೋಗಬಹುದು, ಮುಂದೆ ಬಿ.ಎಡ್.ಗೆ, ಸರ್ಕಾರಿ ಕೆಲಸಕ್ಕೆ ಬೇಕೇ ಬೇಕು. ಶಾಲೆಯ ಹಳೆಯ ರಿಜಿಸ್ಟರ್ ಸಿಗುವಾಗಲೇ ಮಾಡಿಸಿಡುವುದು ಜಾಣತನ. ನಿನ್ನ ಜೊತೆ ಬರುವ ರಾಯಚೂರಿನ ಗೆಳತಿಗೆ 371ಜೆ ಅರ್ಹತಾ ಪತ್ರ ಮಾಡಿಸಲು ಹೇಳು. ಕಲ್ಯಾಣ ಕರ್ನಾಟಕದವರಿಗೆ ಅವರ ಭಾಗದಲ್ಲಷ್ಟೇ ಅಲ್ಲ, ಆಚೆಯ ರಾಜ್ಯಮಟ್ಟದ ಸಂಸ್ಥೆಗಳಲ್ಲೂ ಶೇಕಡ 8 ಸೀಟಿದೆ. ಬೆಂಗಳೂರಿಗೆ ಬಂದ ಎಷ್ಟೋ ಮಕ್ಕಳಿಗೆ ಇದು ತಿಳಿದಿರುವುದಿಲ್ಲ.

ಓದುತ್ತ ದುಡಿಯಬಹುದಾ ಎಂದು ನೀನು ಮೆಸೇಜ್ ಮಾಡಿದ್ದೆ. ಸೆಂಟ್ರಲ್ ಕಾಲೇಜಿನ ಎದುರು ಇಳಿಯುವ ಮೆಟ್ರೊ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಮುದ್ದೇನಹಳ್ಳಿಯಿಂದ ಬಂದ ಅವರು ಅದೇ ಕಾಲೇಜಿನಲ್ಲಿ, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮನೆಪಾಠ ಇವತ್ತಿಗೂ ವಿದ್ಯಾರ್ಥಿಗೆ ಹೊಂದುವ ಕೆಲಸವೇ. ಸಂಜೆ ಒಂದೂವರೆ ಗಂಟೆ, ಓದಿದ್ದೂ ಮರೆಯುವುದಿಲ್ಲ. ಕಾಲ್ ಸೆಂಟರಿನ ರಾತ್ರಿ ಪಾಳಿ ಬೇಡ. ಶೇಕಡ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಹಗಲು ತರಗತಿಯಲ್ಲಿ ತೂಕಡಿಸಿ ಆ 75 ತುಂಬುವವರನ್ನು ನಾನು ಕಂಡಿಲ್ಲ. ಪೂರ್ತಿ ದುಡಿಯಲೇಬೇಕಾದ ಮನೆ ಪರಿಸ್ಥಿತಿ ಇದ್ದರೆ ಸಂಜೆ ಕಾಲೇಜುಗಳಿವೆ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯವಿದೆ. ನಿನಗೆ ಆ ಅಗತ್ಯ ಬಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕೇಳಿದರೆ, ಬೆಂಗಳೂರೇ ಆಗಬೇಕೆಂದು ಹಟ ಬೇಡ. ತುಮಕೂರಿನಲ್ಲಿ ವಿಶ್ವವಿದ್ಯಾಲಯವಿದೆ, ಶಿರಾದಲ್ಲೇ ಸರ್ಕಾರಿ ಪದವಿ ಕಾಲೇಜಿದೆ. ಬೆಂಗಳೂರಿನಲ್ಲಿ ಹಾಸ್ಟೆಲ್ ಸಿಕ್ಕರೆ ಬಾ. ದೊಡ್ಡ ಗ್ರಂಥಾಲಯಗಳು, ಭಾಷಣಗಳು, ನಾಟಕ, ನಾಲ್ಕು ಕಡೆಯ ಜನ, ಇವು ಊರಲ್ಲಿ ಸಿಗುವುದಿಲ್ಲ, ಅದಕ್ಕೆ ಬರಲೇಬೇಕು. ಹಾಸ್ಟೆಲ್ ಸಿಗದೆ ಪಿ.ಜಿ.ಗೆ ವರ್ಷಕ್ಕೆ ಎಂಬತ್ತು ಸಾವಿರ ಹೊಂದಿಸಬೇಕಾಗಿ ಬಂದರೆ ಪದವಿಯನ್ನು ಅಲ್ಲೇ ಮುಗಿಸಿ ಎಂ.ಎ.ಗೆ ಬೆಂಗಳೂರಿಗೆ ಬಾ. ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾಧ್ಯಾಪಕರ ಎದುರು ಕೂತು ಕಲಿಯುವುದು ಆಗಲೇ; ಪದವಿ ಹಂತದಲ್ಲಿ ನೀನು ಹೋಗುವುದು ಹೆಚ್ಚಾಗಿ ಸಂಯೋಜಿತ ಕಾಲೇಜಿಗೇ. ಆಗ ಕ್ಯಾಂಪಸ್ಸಿನ ಹಾಸ್ಟೆಲ್ ಸಿಗುವ ಅವಕಾಶವೂ ಹೆಚ್ಚು. ನಮ್ಮ ಮನೆಯಲ್ಲೇ ಇರು ಎಂದು ದೊಡ್ಡಮ್ಮ ಹೇಳುತ್ತಿದ್ದಾಳೆ. ಇರಬಹುದು, ಸಂತೋಷವೇ. ಆದರೆ ನಮ್ಮ ಮನೆಯಿಂದ ಕಾಲೇಜಿಗೆ ಎರಡು ಬಸ್ಸು, ಹೋಗಿಬರುವುದಕ್ಕೇ ದಿನಕ್ಕೆ ಮೂರು ಗಂಟೆ. ಆ ಹೊತ್ತು ನಿನ್ನ ಓದಿನದು.

ಸೋಮವಾರ ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡು. ಅದೇ ದಿನ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ವಿಚಾರಿಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಎರಡರ ಫೋಟೊ ತೆಗೆದು ನನಗೆ ಕಳಿಸು, ಹೆಸರು ಹೊಂದುತ್ತದೋ ಇಲ್ಲವೋ ನಾನೇ ನೋಡುತ್ತೇನೆ.